ರಾಗಿ ಬಾಯಿ ಮುಚ್ಚಲಿಲ್ಲ

ಮೇಡ್ಲೇರಿಯಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ದೇವರ ಹತ್ತಿರ ಹೋಗಿ ನಿಲ್ಲುತ್ತದೆ. ಗೋವಿನಜೋಳದ ದರ ಎಷ್ಟಾತು ಅಂತ ಕೇಳಿದವರೇ ಇನ್ನೊಂದು ಗಳಿಗೆಗೆ, ಸತ್ತ ಮ್ಯಾಲೆ ಜೀವ ಎಲ್ಲಿಗೆ ಹೋಗತೈತಿ ಅಂತ ಕೇಳುತ್ತಾರೆ. ಊರಲ್ಲಿ ಬೀರಪ್ಪನ ಗುಡಿ, ಆಚೆ ಬ್ಯಾಡಗಿ ತಾಲ್ಲೂಕಿನಲ್ಲಿ ಕನಕದಾಸರ ಕಾಗಿನೆಲೆ. ಮಾತು ಆ ಕಡೆ ಹೊರಳದೆ ಇನ್ನೆಲ್ಲಿಗೆ ಹೋದೀತು?

ಶ್ರಾವಣದಲ್ಲಿ ಪುರಾಣ ಹಚ್ಚಿದ್ದರು. ಬೇಲಿಯಾಚೆಯ ದೊಡ್ಡವ್ವ ರಾತ್ರಿ ಹೋಗಿ ಕೇಳಿ ಬಂದು, ಮುಂಜಾನೆ ಮರದಲ್ಲಿ ಬಿಳಿಜೋಳ ಹಸನು ಮಾಡುತ್ತ ಕೂತಿದ್ದಳು. ಏನು ಹೇಳಿದರು ಅಂತ ಕೇಳಿದೆ. "ನಾನು ಅನ್ನೋದು ಬಿಡ್ರಿ, ನಿಮ್ಮೊಳಗಿನ ನಿಜ ನಿಮಗ ಕಾಣತೈತಿ ಅಂದ್ರಪಾ" ಎಂದಳು. ಆಮೇಲೆ ಮರವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

"ತಮ್ಮಾ, ಹುಟ್ಟಿದಾಗ ಅವರ ಮಗಳು ಅಂದ್ರು. ಲಗ್ನ ಆದ ಮ್ಯಾಲೆ ಇವರ ಹೇಣ್ತಿ ಅಂದ್ರು. ಆಮ್ಯಾಲೆ ಆ ಹುಡುಗನ ಅವ್ವ, ಈಗ ಈ ಹುಡುಗಿ ಅಜ್ಜಿ. ನನಗ ‘ನಾನು’ ಅನ್ನಾಕ ಯಾರು ಬಿಟ್ಟಾರ? ಇಲ್ಲದ್ದನ್ನ ಹೆಂಗ ಬಿಡ್ಲೋ?"

ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡಲಾಗದು. ಎದುರಿಗೆ ಕೂತ ಎಲ್ಲರ ಹತ್ತಿರವೂ ಬಿಡುವುದಕ್ಕೆ ದೊಡ್ಡದೊಂದು ಅಹಂಕಾರ ಇದ್ದೇ ಇರುತ್ತದೆ ಎಂದುಕೊಂಡೇ ನಾವು ಆತ್ಮಶೋಧನೆಯ ಮಾತಾಡುತ್ತೇವೆ. ಜೀವಮಾನವೆಲ್ಲ ತಗ್ಗಿಬಗ್ಗಿ ನಡೆದವರಿಗೂ ಇನ್ನಷ್ಟು ಬಗ್ಗು ಎನ್ನುವುದು ಅಧ್ಯಾತ್ಮವಾಗುತ್ತದೆಯೇ?

ಕನಕದಾಸರಿಗೇನೋ ಬಿಡಲು ಬೇಕಾದಷ್ಟಿತ್ತು. ಈಗಿನ ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಬೀರಪ್ಪ, ಬಚ್ಚಮ್ಮ ಇವರ ಮಗ ತಿಮ್ಮಪ್ಪನಾಗಿ ಹುಟ್ಟಿ ಡಣಾಯಕನಾಗಿದ್ದವರು ಅವರು. ನೆಲ ಅಗೆಯುವಾಗ ಹೊನ್ನು ಸಿಕ್ಕಿತು, ಅದಕ್ಕೇ ಕನಕನಾಯಕ ಎಂಬ ಹೆಸರು ಬಂತು ಎನ್ನುತ್ತಾರೆ ಹಿರಿಯರು. ಯುದ್ಧದಲ್ಲಿ ಪೆಟ್ಟು ತಿಂದು ಬದುಕಿ ಉಳಿದ ಮೇಲೆ ಅಷ್ಟನ್ನೂ ಬಿಟ್ಟು ಆದಿಕೇಶವನ ದಾಸರಾದರು.

ವ್ಯಾಸರಾಯರ ಸಭೆಯಲ್ಲಿ ನಡೆಯಿತೆಂದು ಹೇಳುವ ಕಥೆ ನಮ್ಮ ಕಡೆ ಶಾಲೆಯ ಮಕ್ಕಳಿಗೂ ಗೊತ್ತು. ಇಲ್ಲಿರುವವರಲ್ಲಿ ಮೋಕ್ಷಕ್ಕೆ ಹೋಗುವವರು ಯಾರು ಎಂದು ಗುರುಗಳು ಕೇಳಿದರು. ಒಬ್ಬೊಬ್ಬ ಪಂಡಿತರ ಹೆಸರು ಬಂದಾಗಲೂ ಕನಕರು ಇಲ್ಲ, ಇಲ್ಲ ಎಂದರು. ಹಾಗಾದರೆ ನೀನು ಎಂದಾಗ ಬಂದ ಉತ್ತರ, "ನಾನು ಹೋದರೆ ಹೋದೇನು." ಸಭೆಗೆ ಸಿಟ್ಟು ಬಂತು, ಗುರುಗಳಿಗೆ ಅರ್ಥವಾಯಿತು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕನಕರ ಎಚ್ಚರ. ತಮ್ಮ ‘ನಾನು’ ಹೋಗಿಯೇ ಬಿಟ್ಟಿದೆ ಎಂದು ಅವರು ಹೇಳಲಿಲ್ಲ. ಡಣಾಯಕಿ ಬಿಟ್ಟವರು, ಹೊನ್ನು ಬಿಟ್ಟವರು. ಬಿಟ್ಟೆನೆಂಬ ಹೆಮ್ಮೆ ಮಾತ್ರ ಯಾವಾಗ ಬೇಕಾದರೂ ಹಿಂದಿನ ಬಾಗಿಲಿನಿಂದ ಬಂದೀತು ಎಂದು ಅವರಿಗೆ ತಿಳಿದಿತ್ತು. ನನ್ನ ಅಹಂಕಾರ ಪೂರ್ತಿ ಹೋಯಿತು ಎಂದು ಯಾರಾದರೂ ಸಾರಿಕೊಂಡು ಬಂದರೆ, ಅದು ಇನ್ನೂ ಮನೆಯಲ್ಲೇ ಇದೆ ಎಂದು ತಿಳಿಯಬೇಕು.

"ಅದು ಇದ್ದವರ ಕಥಿ ಆತಲ್ಲ ತಮ್ಮಾ," ಎಂದಳು ದೊಡ್ಡವ್ವ. "ಇಲ್ಲದವರಿಗೆ ದಾಸರು ಏನೂ ಹೇಳಿಲ್ಲೇನು?"

ಹೇಳಿದ್ದಾರೆ. ಅದನ್ನು ಕಾಳುಗಳ ಬಾಯಲ್ಲಿ ಹೇಳಿಸಿದ್ದಾರೆ. ಭಾಮಿನಿ ಷಟ್ಪದಿಯಲ್ಲಿರುವ ಅವರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹತ್ತುತ್ತದೆ. ದೇವರ ನೈವೇದ್ಯಕ್ಕೆ ನಾನು, ದೊಡ್ಡವರ ಎಲೆಗೆ ನಾನು, ನೀನು ಕೀಳು ಎಂದು ಭತ್ತ ಜರೆಯುತ್ತದೆ. ರಾಗಿ ಬಾಯಿ ಮುಚ್ಚುವುದಿಲ್ಲ. ಬಡವರ ಹೊಟ್ಟೆ ತುಂಬಿಸುವವನು ನಾನು ಎಂದು ಎದುರು ನಿಲ್ಲುತ್ತದೆ. ಶ್ರೀರಾಮ ಇಬ್ಬರನ್ನೂ 6 ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದು ತೆಗೆದು ನೋಡಿದರೆ ಭತ್ತ ಕಳೆಗುಂದಿದೆ, ರಾಗಿ ಇದ್ದ ಹಾಗೇ ಇದೆ. ರಾಮ ತನ್ನ ರಾಘವನೆಂಬ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ದೊಡ್ಡವ್ವ ಜೋಳದೊಳಗಿನ ಹಳ್ಳೊಂದನ್ನು ಉಗುರಿನಿಂದ ಎತ್ತಿ ಬೇಲಿಗೆ ಒಗೆದಳು. "ರಾಗಿದೂ ಸೊಕ್ಕ ಆತಲ್ಲ ಮತ್ತ?"

"ಇಲ್ಲ ದೊಡ್ಡವ್ವ. ಅದು ಸುಮ್ಮನ ಕೂತಿದ್ರ ನ್ಯಾಯ ರಾಮನ ತನಕ ಹೋಗ್ತಿರಲಿಲ್ಲ."

ನಮ್ಮ ರಾಣೇಬೆನ್ನೂರು ತಾಲ್ಲೂಕಿನಲ್ಲೇ, ತುಂಗಭದ್ರೆಯ ದಂಡೆಯ ಮೇಲೆ, ಚೌಡಯ್ಯದಾನಪುರ ಇದೆ. 12ನೇ ಶತಮಾನದ ಅಂಬಿಗರ ಚೌಡಯ್ಯನವರ ನೆನಪು ಹೊತ್ತ ಊರು. ಬಸವಣ್ಣನವರ ವಚನಗಳ ಅಂಕಿತ ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಹೆಚ್ಚಿನ ಶರಣರು ಹೀಗೆ ತಮ್ಮ ದೈವದ ಹೆಸರಿಟ್ಟರು. ದೋಣಿ ಹಾಕುವ ಚೌಡಯ್ಯನವರು ಮಾತ್ರ ತಮ್ಮ ಹೆಸರನ್ನೇ ಇಟ್ಟರು, ಅದೂ ಕಾಯಕದ ಸಮೇತ. ಯಾರನ್ನು ಜಗತ್ತು ಹೆಸರು ಹಿಡಿದು ಗೌರವದಿಂದ ಕರೆದಿರಲಿಲ್ಲವೋ ಅವರು ತಮ್ಮ ಹೆಸರನ್ನು ತಾವೇ ಎತ್ತಿ ಹಿಡಿದದ್ದನ್ನು ಅಹಂಕಾರ ಎನ್ನಲು ನನಗೆ ಬಾಯಿ ಬಾರದು.

ಅತ್ತ ಶಿಶುನಾಳದ ಶರೀಫರನ್ನೇ ನೋಡಿ. 1819ರಿಂದ 1889ರವರೆಗೆ ಬಾಳಿದವರು, ಶಾಲೆಯ ಮಾಸ್ತರಿಕೆ ಬಿಟ್ಟು ಕಳಸದ ಗೋವಿಂದಭಟ್ಟರ ಬೆನ್ನು ಹತ್ತಿದವರು. ಹಿಂದೂ, ಮುಸ್ಲಿಂ ಎರಡೂ ಕಡೆಯವರು ಆಡಿಕೊಂಡರೂ ಗುರು ಅಳುಕಲಿಲ್ಲ, ಶಿಷ್ಯ ಬಿಡಲಿಲ್ಲ. ಶಿಶುನಾಳದ ಗದ್ದುಗೆಗೆ ಎರಡೂ ಧರ್ಮದವರು ಇಂದಿಗೂ ನಡೆದುಕೊಳ್ಳುತ್ತಾರೆ. ಶರೀಫರು ಜನ ಹಚ್ಚಿದ ಗುರುತನ್ನು ಕಳಚಿಟ್ಟರು, ತಮ್ಮ ದನಿಯನ್ನು ಕಳಚಿಡಲಿಲ್ಲ; ಆ ದನಿಯಿಂದಲೇ ಅಲ್ಲವೇ ನಾವು ಅವರನ್ನು ಇವತ್ತಿಗೂ ಗುರುತು ಹಿಡಿಯುವುದು?

ಬೀರಪ್ಪನ ಮುಂದೆ ಡೊಳ್ಳು ಬಾರಿಸುವುದನ್ನು ಹತ್ತಿರ ನಿಂತು ನೋಡಿದರೆ ಈ ಮಾತು ಇನ್ನೂ ಸಲೀಸಾಗಿ ತಿಳಿಯುತ್ತದೆ. ಸುತ್ತುಗಟ್ಟಿ ನಿಂತವರಲ್ಲಿ ಒಬ್ಬ ತನ್ನ ಜೋರು ತೋರಿಸಲು ಹೋದರೆ ತಾಳ ಕೆಡುತ್ತದೆ. ಹೊಸ ಹುಡುಗನೊಬ್ಬ ಅಂಜಿ ಕೋಲು ಎತ್ತದೆ ನಿಂತರೂ ತಾಳ ಕೆಡುತ್ತದೆ. ತನ್ನ ಪೆಟ್ಟನ್ನು ತಾನು ಸರಿಯಾಗಿ ಹಾಕಿದವನಿಗೇ ಕೊನೆಗೆ ತಾನೊಬ್ಬ ಬೇರೆ ನಿಂತಿದ್ದೇನೆ ಎಂಬುದು ಮರೆತುಹೋಗುತ್ತದೆ.

ನನಗೆ ತಿಳಿದದ್ದು ಇಷ್ಟು. ಅಹಂಕಾರ ನಿಲ್ಲಬೇಕಾದರೆ ಅದರ ಕಾಲ ಕೆಳಗೆ ಇನ್ನೊಬ್ಬರು ಇರಬೇಕು. ರಾಗಿ ಇಲ್ಲದಿದ್ದರೆ ಭತ್ತಕ್ಕೆ ದೊಡ್ಡಸ್ತಿಕೆಯೇ ಇಲ್ಲ. ತಾನು ಯಾರೆಂದು ಕಂಡುಕೊಂಡವರಿಗೆ ಹಾಗೆ ಕೆಳಗೆ ಯಾರೂ ಬೇಕಾಗಿಲ್ಲ. ಮೊದಲನೆಯದನ್ನು ಬಿಡಬೇಕು, ಎರಡನೆಯದನ್ನು ಹುಡುಕಬೇಕು. ಎರಡನ್ನೂ ಒಂದೇ ಎಂದು ಕಲಸಿ ಹೇಳಿದಾಗ, ಇದ್ದವರು ಬಿಡುವುದಿಲ್ಲ, ಇಲ್ಲದವರು ಇನ್ನಷ್ಟು ಕಳೆದುಕೊಳ್ಳುತ್ತಾರೆ.

ಇದನ್ನೆಲ್ಲ ಹೇಳಿ, "ನಿನಗ ಏನು ಮಾಡೋದಂದ್ರ ಜೀವ ದೊಡ್ಡವ್ವ?" ಅಂತ ಕೇಳಿದೆ. ಎಷ್ಟೋ ಹೊತ್ತು ಕೈಯಾಡಿಸುತ್ತಲೇ ಇದ್ದಳು.

"ಪದ ಹಾಡೋದು," ಎಂದಳು. "ಬೀಸೋ ಕಲ್ಲಿನ ಮುಂದ ಕುಂತ್ರ ಬೆಳಕು ಹರಿಯೋ ತನಕ ಹಾಡ್ತಿದ್ದೆ. ಗಿರಣಿ ಬಂತು, ಕಲ್ಲು ಹಿತ್ತಲಕ್ಕ ಬಂತು, ಪದಾನೂ ನಿಂತ್ವು. ಹಾಡುವಾಗ ನಾ ಯಾರ ಹೇಣ್ತಿ, ಯಾರ ಅವ್ವ ಅನ್ನೋದು ಖಬರ ಇರ್ತಿರಲಿಲ್ಲ ನೋಡು. ನಿದ್ದಿಗೆಟ್ಟೀನಿ ಅನ್ನೋದೂ ಇರ್ತಿರಲಿಲ್ಲ."

ಗ್ರಂಥಗಳು ಹೇಳುವ ಸ್ಥಿತಿ ಇದಕ್ಕಿಂತ ಬೇರೆ ಎಂದು ನನಗೆ ಅನ್ನಿಸಲಿಲ್ಲ. ಆಕೆಗೆ ಅದು ಕತ್ತಲಲ್ಲಿ, ಹಿಟ್ಟಿನ ದೂಳಿನ ನಡುವೆ, ಯಾರ ಅಪ್ಪಣೆಯೂ ಇಲ್ಲದೆ ದಕ್ಕಿತ್ತು. ಹೊಟ್ಟೆಪಾಡಿನ ದುಡಿಮೆಯಲ್ಲೇ ದಕ್ಕಿತ್ತು. ನಾವು ಯಾರೂ ಅದನ್ನು ಆಕೆಯಿಂದ ಕೇಳಿ ತಿಳಿದುಕೊಂಡಿರಲಿಲ್ಲ.

ಅದಕ್ಕೇ ಓದುವವರಲ್ಲಿ ಒಂದು ಕಳಕಳಿಯ ಮಾತು. ಕಾಗಿನೆಲೆಗೆ ಹೋಗಿ, ಶಿಶುನಾಳಕ್ಕೆ ಹೋಗಿ, ಪುರಾಣ ಪ್ರವಚನ ಕೇಳಿ. ನಿಮ್ಮೊಳಗಿನ ಭತ್ತದ ಸೊಕ್ಕನ್ನು ಅಲ್ಲೇ ಇಳಿಸಿ ಬನ್ನಿ. ಆದರೆ ಮನೆಯ ಹಿರಿಯ ಹೆಣ್ಣುಮಗಳಿಗೆ, ಹೊಲಕ್ಕೆ ಬರುವ ಆಳಿಗೆ, ಮಾತಾಡಲು ಅಂಜುವ ಸೊಸೆಗೆ ‘ನಾನು ಅನ್ನೋದು ಬಿಡು’ ಎಂದು ಉಪದೇಶ ಮಾಡಬೇಡಿ. ಅವರಿಗೆ ಯಾವುದರಲ್ಲಿ ಜೀವ ಇದೆ ಎಂದು ಕೇಳಿ, ಹೇಳುವಷ್ಟು ಹೊತ್ತು ಎದುರಿಗೆ ಕೂತುಕೊಳ್ಳಿ.