ಕಂದರವಾಸ್ತು ಪ್ರಕರಣ

ಅಮೆರಿಕದ ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ನಡುವೆ ಕೊಲಂಬಿಯಾ ನದಿ ಸುಮಾರು 130 ಕಿಲೋಮೀಟರ್ ಉದ್ದದ ಕಂದರವೊಂದನ್ನು ಕೊರೆದುಕೊಂಡು ಹರಿಯುತ್ತದೆ. ಅಲ್ಲಿ ಮನೆ ಕಟ್ಟಿಸಹೊರಟವನಿಗೆ ನಮ್ಮ ವಾಸ್ತು ಪಂಡಿತರಿಂದ ಪ್ರಯೋಜನವಿಲ್ಲ. ಬಾಗಿಲು ಯಾವ ದಿಕ್ಕಿಗಿದೆ ಎಂಬುದು ನಮ್ಮವರ ಪ್ರಶ್ನೆ. ಮನೆ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು ಅಲ್ಲಿನವರ ಪ್ರಶ್ನೆ. ಈ ಶಾಸ್ತ್ರದ ಮೂಲಗ್ರಂಥ, 1986ರ ನವೆಂಬರ್ 17ರಂದು ಅಧ್ಯಕ್ಷ ರೇಗನ್ ಒಲ್ಲದ ಮನಸ್ಸಿನಿಂದಲೇ ಸಹಿ ಹಾಕಿದ ಕಾಯ್ದೆ. ಅದರ ಉದ್ದೇಶ ಎರಡು: ಕಂದರದ ಚೆಲುವನ್ನು ಕಾಪಾಡುವುದು, ಅಲ್ಲಿನ ಊರುಗಳ ಆರ್ಥಿಕತೆಗೆ ಆಸರೆಯಾಗುವುದು. ಎರಡನ್ನೂ ಒಟ್ಟಿಗೆ ಹೇಳಿಬಿಟ್ಟಿದ್ದರಿಂದ ಭಾಷ್ಯಕಾರರಿಗೆ, ಅಂದರೆ ವಕೀಲರಿಗೆ, ಇಂದಿಗೂ ಕೆಲಸ ತಪ್ಪಿಲ್ಲ.

ಭೂಮಿ ತ್ರಿವಿಧ. ಒಟ್ಟು 2,92,500 ಎಕರೆಯಲ್ಲಿ 28,500 ಎಕರೆ ಪಟ್ಟಣಗಳದ್ದು. ಆ 13 ಪಟ್ಟಣ ಪ್ರದೇಶಗಳಿಗೆ ಕಾಯ್ದೆಯ ನಿಯಮಗಳು ತಾಗುವುದಿಲ್ಲ. 1,49,400 ಎಕರೆ ಸಾಮಾನ್ಯ, 1,14,600 ಎಕರೆ ವಿಶೇಷ, ಅಂದರೆ ನಿಯಮ ಇನ್ನೂ ಬಿಗಿಯಾದದ್ದು. ವಿಶೇಷ ಭೂಮಿಯ ಒಡೆಯ ತನ್ನ ಜಾಗವನ್ನು ಅಮೆರಿಕ ಸರ್ಕಾರದ ಅರಣ್ಯ ಸೇವೆಗೆ ಮಾರಲು ಮುಂದಾಗಿ, ಮೂರು ವರ್ಷದೊಳಗೆ ಅದು ಕೊಳ್ಳದಿದ್ದರೆ, ಆ ಜಾಗ ಸಾಮಾನ್ಯಕ್ಕೆ ಇಳಿಯುತ್ತದೆಂದು ಮೂಲ ಕಾಯ್ದೆ ಹೇಳಿತ್ತು. ಜನ್ಮಾಂತರಕ್ಕೆ ಇಷ್ಟು ಖಚಿತವಾದ ವಾಯಿದೆ ನಮ್ಮ ಪುರಾಣಗಳಲ್ಲೂ ಸಿಗದು.

ಇನ್ನು ಮನುಷ್ಯರು. ಇವರಲ್ಲಿ ಮೊದಲಿಗ ಪೂರ್ವವಾಸಿ. 1986ಕ್ಕೆ ಮೊದಲೇ ಗುಡ್ಡದ ಅಂಚಿನಲ್ಲಿ ಬಿಳಿ ಮನೆ ಕಟ್ಟಿಕೊಂಡು ಕೂತವನು. ಪಕ್ಕದ ಸೈಟು ಖಾಲಿ ಉಳಿಯಬೇಕೆಂಬ ವಿಷಯದಲ್ಲಿ ಇವನಷ್ಟು ಕಟ್ಟಾ ಪರಿಸರವಾದಿ ಮತ್ತೊಬ್ಬನಿಲ್ಲ.

ಎರಡನೆಯವನು ಭಾವೀವಾಸಿ. ಶಾಸ್ತ್ರದ ಭಾರವೆಲ್ಲ ಇವನ ತಲೆಯ ಮೇಲೆ. ಹೆದ್ದಾರಿ, ನದಿ, ಮಲ್ಟ್ನೋಮಾ ಜಲಪಾತ ಮುಂತಾದ ಗೊತ್ತುಮಾಡಿದ ತಾಣಗಳಿಂದ ನೋಡಿದಾಗ ಮನೆ ಸುತ್ತಲಿನ ನೋಟಕ್ಕೆ ಅಧೀನವಾಗಿರಬೇಕು. ಸೂರು ಬೆಟ್ಟದ ನೆತ್ತಿಯ ಗೆರೆ ಮೀರಬಾರದು. ಅರ್ಜಿಯ ಜೊತೆ ಬಣ್ಣದ ಮಾದರಿಗಳನ್ನೂ ಕೊಡಬೇಕು: ಪೇಂಟ್ ಅಂಗಡಿಯ ಶೇಡ್ ಕಾರ್ಡಿನಲ್ಲಿ ಕೊನೆಗೆ ಯಾರೂ ಆರಿಸದೆ ಉಳಿಯುವ ಕಂದು, ಪಾಚಿಹಸಿರು, ಹಸಿಮಣ್ಣಿನ ಬಣ್ಣಗಳಿಗೆ ಇಲ್ಲಿ ಅಗ್ರಪೂಜೆ. ಕಿಟಕಿಯ ಗಾಜು ಹೊಳೆಯಬಾರದು. ಮರೆ ಸಾಲದಿದ್ದರೆ ಮರ ನೆಡಬೇಕು. ನದಿ ಕಾಣಲೆಂದು ಸೈಟು ಕೊಂಡವನೇ ನದಿಗೂ ತನಗೂ ನಡುವೆ ಮರ ನೆಟ್ಟು ನೀರು ಹೊಯ್ಯಬೇಕಾದ ಈ ಧರ್ಮಸಂಕಟಕ್ಕೆ ಭಾಷ್ಯಗಳು ಪರಿಹಾರ ಸೂಚಿಸಿಲ್ಲ. ನೋಡುವುದು ಪಾಪವಲ್ಲ, ಕಾಣಿಸಿಕೊಳ್ಳುವುದೇ ಪಾಪ.

ಈ ಸೂತ್ರಕ್ಕೆ ಅಪವಾದಗಳೂ ಉಂಟು, ಎಲ್ಲವೂ ದೊಡ್ಡವು. 1938ರ ಬಾನ್‌ವಿಲ್ ಅಣೆಕಟ್ಟು, ಎರಡೂ ದಡದ ರೈಲುಹಳಿಗಳು, ಹೆದ್ದಾರಿ. ಅವು ಮುಂಚೆ ಬಂದವು, ಇದ್ದಲ್ಲೇ ಇವೆ. ಕ್ರೌನ್ ಪಾಯಿಂಟ್ ಬಂಡೆಯ ತುದಿಯಲ್ಲಿ 1918ರ ಎಂಟು ಮೂಲೆಯ ವಿಸ್ಟಾ ಹೌಸ್ ಎಲ್ಲರಿಗೂ ಕಾಣಲೆಂದೇ ನಿಂತಿದೆ. ಇಂದು ಅದರ ನಕ್ಷೆ ಹಿಡಿದು ಹೋದರೆ ಮೊದಲ ಮೇಜಿನಲ್ಲೇ ವಾಪಸು ಕಳಿಸುತ್ತಾರೆ. ಆದರೆ ಮಿಕ್ಕವರ ಮನೆ ಕಾಣುತ್ತದೋ ಎಂದು ಅಳೆಯುವ ತಾಣಗಳಲ್ಲಿ ಅದೂ ಒಂದು!

ಮಲ್ಟ್ನೋಮಾ ಜಲಪಾತದ ಎದುರು ದಡದಲ್ಲಿ ಕೌಂಟಿಯ ಅನುಮತಿ ಪಡೆದು ಏಳುತ್ತಿದ್ದ ಮನೆಯೊಂದು ಜಲಪಾತದ ಕಡೆಯಿಂದ ಕಂಡುಬಿಟ್ಟಿತು. ಕಾಯ್ದೆಯ ಪಾಲನೆ ನೋಡಿಕೊಳ್ಳುವ ಕಂದರದ ಆಯೋಗ ಅದನ್ನು ತಡೆಯಿತು. ಅನುಮತಿಯನ್ನು ಪ್ರಶ್ನಿಸುವ ಅವಧಿ ಮುಗಿದ ಮೇಲೆ ತಡೆಯುವಂತಿಲ್ಲವೆಂದು 2001ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಗೆ ಕಾಣುವ ಮನೆಗಳಲ್ಲಿ 'ತಡವಾಗಿ ಕಂಡದ್ದು' ಎಂಬ ಉಪಭೇದವೂ ಹುಟ್ಟಿತು.

ಮೂರನೆಯವರು ಕೊಂಡು ಕಾಯುವವರು. 1980ರಲ್ಲಿ ಕಂದರದ ಗೆಳೆಯರ ಸಂಘ ಕಟ್ಟಿದ ನ್ಯಾನ್ಸಿ ರಸೆಲ್ ಇವರಲ್ಲಿ ಮುಖ್ಯರು. ವಾದ ಮಾಡುವುದಕ್ಕಿಂತ ಸೈಟನ್ನೇ ಕೊಳ್ಳುವುದು ಲೇಸೆಂದು ತಿಳಿದವರು. ಕಂದರದ ಕೇಪ್ ಹಾರ್ನ್‌ನಲ್ಲಿ ಸಂಘದವರು ಮನೆಯೊಂದನ್ನು ಕೊಂಡು, ಕಳಚಿ, ಆ ಜಾಗದಲ್ಲಿ ರಸೆಲ್ ಹೆಸರಿನ ವೀಕ್ಷಣಾಕಟ್ಟೆ ಮಾಡಿದ್ದಾರೆ. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಮಾಲೀಕನಿಗೂ ಬೆಲೆ, ನೋಟಕ್ಕೂ ಬೆಲೆ ಕೊಟ್ಟದ್ದು ಇದೊಂದೇ ದಾರಿ.

ಸೆಲೈಲೊ ಜಲಪಾತದಲ್ಲಿ ಸಾವಿರಾರು ವರ್ಷ ಮೀನು ಹಿಡಿದ ಮೂಲನಿವಾಸಿಗಳು ಯಾವ ವರ್ಗಕ್ಕೂ ಸೇರರು. 1957ರಲ್ಲಿ ದಿ ಡಾಲ್ಸ್ ಅಣೆಕಟ್ಟಿನ ಹಿನ್ನೀರು ಆ ಜಲಪಾತವನ್ನೇ ನುಂಗಿತು. ನೋಟ ಕಾಯುವ ಕಾಯ್ದೆ ಹುಟ್ಟಿದ್ದು ಅದಾಗಿ 29 ವರ್ಷಕ್ಕೆ.

ಎರಡನೆಯ ಉದ್ದೇಶವಾದ ಆರ್ಥಿಕತೆ ಪ್ರಕರಣದ ಕೊನೆಗೆ ಬರುತ್ತದೆ, ಶಾಸ್ತ್ರದಲ್ಲಿ ಅದರ ಸ್ಥಾನವೂ ಅದೇ. ಬಹುಪಾಲು ನೆಲ ಸರ್ಕಾರಿ ಕಾಡೇ ಆಗಿರುವ ಸ್ಕಮೇನಿಯಾ ಕೌಂಟಿಯ ಜನ ಕಾಯ್ದೆಯ ಮೇಲೆ ಸಿಟ್ಟಾಗಿದ್ದರು. ಅವರಿಗೊಂದು ಸಮ್ಮೇಳನ ಕೇಂದ್ರ ಕಟ್ಟಲು ಕಾಯ್ದೆಯೇ 50 ಲಕ್ಷ ಡಾಲರ್‌ಗೆ ಅವಕಾಶ ಮಾಡಿಕೊಟ್ಟಿತು. 1993ರಲ್ಲಿ ಸ್ಟೀವನ್‌ಸನ್ ಊರಿನಲ್ಲಿ ಅದು ಸ್ಕಮೇನಿಯಾ ಲಾಡ್ಜ್ ಎಂಬ ಹೋಟೆಲಾಗಿ ಬಾಗಿಲು ತೆರೆಯಿತು. ಬಾಡಿಗೆ ಕೊಟ್ಟವರು ಅಲ್ಲಿ ಕೂತು ಕಂದರ ನೋಡಬಹುದು.