ನೆಮ್ಮದಿಗೊಂದು ಗರಗಸ

ನಿವೃತ್ತರಾದ ಮೇಲೆ ಮನಸ್ಸಿಗೆ ನೆಮ್ಮದಿ ಬೇಕೆಂದು ಹವ್ಯಾಸ ಹಿಡಿಯುವವರ ಒಂದು ಪಂಗಡವಿದೆ. ಇವರಲ್ಲಿ ಗಿಡ ಬೆಳೆಸುವವರು, ಕೊಳಲು ಕಲಿಯುವವರು ಸಾಧುಗಳು. ಹವ್ಯಾಸಕ್ಕೆ ಯಂತ್ರ ಬೇಕು, ಅದೂ ಸೆಕೆಂಡ್ ಹ್ಯಾಂಡೇ ಆಗಬೇಕು ಎನ್ನುವವರಿಂದ ಮಾತ್ರ ದೇವರೇ ಕಾಪಾಡಬೇಕು. ಅಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಒಬ್ಬರು ಹಳೇ ಸ್ಕೂಟರ್ ಬಿಚ್ಚಿ ಹರಡಿಕೊಂಡಿರುತ್ತಾರೆ, ಇನ್ನೊಬ್ಬರು ರೇಡಿಯೊ. ಆಂಧ್ರದ ಗಡಿಯಂಚಿನ ಕೌತಾಳಂನಲ್ಲಿ ನನ್ನ ಮನೆಯ ಗೋಡೆಗೆ ಗೋಡೆ ಹತ್ತಿಸಿಕೊಂಡಿರುವ ಮೇಷ್ಟ್ರ ಪಾಲಿಗೆ ಬಂದದ್ದು ಸ್ಕ್ರೋಲ್ ಸಾ.

ಅದನ್ನು ಕಾಣದವರಿಗೆ ಎರಡು ಮಾತು. ದೂರದಿಂದ ನೋಡಿದರೆ ಹೊಲಿಗೆ ಮಿಷನ್ನೇ. ಸೂಜಿ ಇರಬೇಕಾದಲ್ಲಿ ಐದು ಇಂಚು ಉದ್ದದ ಸಣ್ಣ ಗರಗಸದ ಅಲಗು. ಮೋಟರು ತಿರುಗಿದರೆ ಅಲಗು ಮೇಲೆ ಕೆಳಗೆ ಕುಣಿಯುತ್ತದೆ. ತೆಳು ಹಲಗೆಯನ್ನು ಎರಡು ಕೈಯಲ್ಲಿ ತಿರುಗಿಸುತ್ತ ಹೋದರೆ ಬಳ್ಳಿ, ನವಿಲು ಏನನ್ನಾದರೂ ಕೊಯ್ದು ತೆಗೆಯಬಹುದು. ಮೈಸೂರಿನ ಬೀಟೆಮರದ ಕುಸುರಿ ಕೆಲಸದವರು ಇಂಥದ್ದನ್ನೇ ಕೈಗರಗಸದಲ್ಲಿ ಸದ್ದಿಲ್ಲದೆ ಮಾಡುತ್ತ ಬಂದಿದ್ದಾರೆ. ಮೇಷ್ಟ್ರಿಗೆ ಇದನ್ನು ಹೇಳಿ ನೋಡಿದೆ. "ಕೈಲೆ ಮಾಡಿದ್ರ ದಣಿವಾಗ್ತೈತ್ರಿ. ನನಗ ಬೇಕಾಗಿದ್ದು ವಿಶ್ರಾಂತಿ" ಎಂದರು.

ಆ ವಿಶ್ರಾಂತಿ ಬಂದ ದಾರಿ ಹೀಗೆ. ಬೆಂಗಳೂರಿನಲ್ಲಿರುವ ಮೇಷ್ಟ್ರ ಅಳಿಯನ ಗೆಳೆಯನೊಬ್ಬ ಅಮೆರಿಕದಿಂದ ಮರಳುವಾಗ ಯಂತ್ರ ತಂದು, ಮುಟ್ಟದೆ ಇಟ್ಟು, ಕೊನೆಗೆ ಮೂರು ಕಾಸಿಗೆ ಕೊಟ್ಟ. ಅದು 120 ವೋಲ್ಟಿನದು. ನಮ್ಮ ಗೋಡೆಯಲ್ಲಿ ಬರುವುದು 230. ನಡುವೆ ಟ್ರಾನ್ಸ್‌ಫಾರ್ಮರ್ ಇಡಬೇಕು. ಆದೋನಿ ಆಯಿತು, ಬಳ್ಳಾರಿ ಆಯಿತು, ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದರು, ಯಂತ್ರಕ್ಕಿಂತ ಹೆಚ್ಚು ದುಡ್ಡು ಸುರಿದು. ನಮ್ಮ ಓಣಿಯ ಬಡಿಗ ನೋಡಲು ಬಂದ, ಎಷ್ಟಾಯಿತೆಂದು ಕೇಳಿದ, ಕೇಳಿದ ಮೇಲೆ ಚಹಾ ಕುಡಿದು ಮಾತಿಲ್ಲದೆ ಎದ್ದು ಹೋದ.

ಮೇಷ್ಟ್ರು ಮನುಷ್ಯರೇನೋ ಬಂಗಾರ. ನಡುರಾತ್ರಿ ಕರೆದರೂ ಬರುತ್ತಾರೆ. ಆದರೆ ಕರೆಂಟು ಹೋಗಿ ಬಂದ ಮರುಗಳಿಗೆಯೇ ಗರಗಸ ಶುರು, ಅದೂ ಊಟ ಮುಗಿಸಿ ನಾನು ಅಡ್ಡಾಗುವ ಹೊತ್ತಿಗೆ ಸರಿಯಾಗಿ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯಲ್ಲಿ ಕಟ್ಟಿಗೆ ಪುಡಿ. ಕಿಟಕಿಯಿಂದ ಕೂಗು: "ಒಂದ್ ನಿಮಿಷ ಬರ್ರಿ, ಬ್ಯಾಟರಿ ಹಿಡೀರಿ." ಅಲಗು ತುಂಡಾಗಿರುತ್ತದೆ, ಇಲ್ಲವೆ ಬಿಗಿ ಸಡಿಲವಾಗಿರುತ್ತದೆ. ಸಂಬಳವಿಲ್ಲದ ಈ ಬ್ಯಾಟರಿ ಹಿಡಿಯುವ ಹುದ್ದೆಯಲ್ಲಿ ನನಗೆ ನಿವೃತ್ತಿಯೂ ಇಲ್ಲ. "ಮೊದ್ಲು ಇವರು ಸಾಲಿಗೆ ಹೋದ್ರ ಮನ್ಯಾಗ ನೆಮ್ಮದಿ ಇರ್ತಿತ್ತು" ಎಂದು ಮೇಷ್ಟ್ರ ಹೆಂಡತಿ ಅಮ್ಮಾರು ಒಳಗಿಂದಲೇ ಹೇಳುತ್ತಾರೆ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಹೆಸರಿನ ಫಲಕ. ಮೇಷ್ಟ್ರು ನವಿಲು ಕೊಯ್ಯುವುದಿಲ್ಲ, ಅಕ್ಷರ ಕೊಯ್ಯುತ್ತಾರೆ. ಕನ್ನಡದ ಅಕ್ಷರಗಳೋ ಗರಗಸಕ್ಕೆ ಬಗ್ಗುವ ಪೈಕಿಯಲ್ಲ. ಹಲಗೆಯಲ್ಲೇ ತೂತಾಗಿ ಕೊಯ್ದರೆ ಸೊನ್ನೆಯ ನಡುವಿನ ಬಿಲ್ಲೆ ಉದುರುತ್ತದೆ. ಅಕ್ಷರವನ್ನೇ ಬಿಡಿಸಿ ತೆಗೆದರೆ ಒತ್ತುಗಳು ಬೇರೆ ತುಂಡಾಗುತ್ತವೆ. ರಕಾರದ ಹೊಟ್ಟೆಯೊಳಗೆ ಅಲಗು ತೂರಿಸಲು ಮೊದಲು ರಂಧ್ರ ಕೊರೆಯಬೇಕು. ಈ ಹಳೇ ಯಂತ್ರಕ್ಕೆ ತುದಿಯಲ್ಲಿ ಅಡ್ಡಮೊಳೆ ಇರುವ ಅಲಗೇ ಬೇಕು, ಮೊಳೆ ತೂರುವಷ್ಟು ರಂಧ್ರವೂ ಬೇಕು. ಸಣ್ಣ ಅಕ್ಷರವಾದರೆ ರಂಧ್ರ ಕೊರೆದ ಮೇಲೆ ಕೊಯ್ಯಲು ಹೊಟ್ಟೆಯೇ ಉಳಿದಿರುವುದಿಲ್ಲ.

ನಮ್ಮ ಮನೆಯ ಹೆಸರು 'ಈರಣ್ಣ ಕೃಪ'. ಉರುಕುಂದಿ ಈರಣ್ಣಸ್ವಾಮಿಯ ಮೇಲಿನ ಭಕ್ತಿಯಿಂದ ಅಪ್ಪ ಇಟ್ಟದ್ದು. ಮೇಷ್ಟ್ರು ಕೊಯ್ದು, ಅಂಟಿಸಿ, ತಾವೇ ಮೊಳೆ ಹೊಡೆದು ಹೋದರು. ಬೇಸಿಗೆಯ ಬಿಸಿಲಿಗೆ ಮೊದಲು ಣಕಾರದ ಒತ್ತು ಉದುರಿತು, ಹಿಂದೆಯೇ ವಟ್ರಸುಳಿ. ಕೊಯ್ಯುವಾಗ ಯಂತ್ರ ಕುಲುಕಿ ಪಕಾರದ ಬುಡ ಮೊದಲೇ ಸೀಳಿತ್ತು. ಹೀಗಾಗಿ ನನ್ನ ಬಾಗಿಲ ಮೇಲೆ 'ಈರಣ ಕಫ' ಉಳಿಯಿತು. ಶ್ರಾವಣದಲ್ಲಿ ಉರುಕುಂದಿಗೆ ನಡೆದು ಹೊರಟಿದ್ದ ರಾಯಚೂರು ಕಡೆಯ ಯಜಮಾನರೊಬ್ಬರು ಓದಿ, ಒಳಗೆ ಬಂದು, ಕೆಮ್ಮಿ, "ಪಂಡಿತರು ಅದಾರೇನ್ರಿ?" ಎಂದು ಕೇಳಿದರು. ಶುಂಠಿ ಕಷಾಯ ಕೊಟ್ಟು ಕಳಿಸಿದೆವು.

ಜಗಳವಾಡೋಣವೆಂದು ಹೋದರೆ ಮೇಷ್ಟ್ರು ಉದುರಿದ ಒತ್ತನ್ನು ಅಂಗೈಯಲ್ಲಿಟ್ಟುಕೊಂಡು, "ಒತ್ತಕ್ಷರದಾಗ ಎಲ್ಲಾರೂ ತಪ್ಪತಾರ ನೋಡ್ರಿ" ಎಂದರು. ಅವರು ಕೆಲಸ ಮಾಡಿದ್ದೆಲ್ಲ ಕನ್ನಡ ಮಾಧ್ಯಮದ ಶಾಲೆಗಳಲ್ಲಿ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೆ, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಆದೋನಿಯ ಜೊತೆ ನಮ್ಮೂರೂ ಹೋಯಿತು. ಮನೆಯ ಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಂಗಡಿ, ಬಸ್ಸು, ಕಚೇರಿಗಳ ಬೋರ್ಡೆಲ್ಲ ತೆಲುಗು. ಶಾಲೆಯ ಗೇಟು ದಾಟಿದರೆ ಮಕ್ಕಳ ಕಣ್ಣಿಗೆ ಕನ್ನಡ ಅಕ್ಷರ ಬೀಳುವುದೇ ಅಪರೂಪ. ಈಗ ನಮ್ಮ ಓಣಿಯಲ್ಲಿ ಬಾಗಿಲು ಬಾಗಿಲಿಗೂ ಬೀಳುತ್ತದೆ, ಒಂದೆರಡು ಒತ್ತು ಕಡಿಮೆಯಾದರೂ. ಎದುರು ಮನೆಯ ತೆಲುಗಿನವರೂ ಆಸೆಪಟ್ಟು ಒಂದು ಫಲಕ ಮಾಡಿಸಿಕೊಂಡರು. ಅದರಲ್ಲಿ ತಲೆಕಟ್ಟುಗಳು ಉದುರಿದವು. ಎರಡೂ ಭಾಷೆಗೆ ಮೇಷ್ಟ್ರದು ಒಂದೇ ನ್ಯಾಯ.

ಇವರಿಗೆ ಬೇಕಾದದ್ದು ವಿಶ್ರಾಂತಿ ಎಂಬುದನ್ನು ನಾನೀಗ ನಂಬುವುದಿಲ್ಲ. ಜೀವಮಾನವೆಲ್ಲ ತಿದ್ದಿದ ಕೈಗೆ ದಿನಾ ತಿದ್ದಲು ಏನಾದರೊಂದು ತಪ್ಪು ಸಿಗಬೇಕು. ಹೊಸ ಯಂತ್ರ ತಪ್ಪು ಮಾಡುವುದಿಲ್ಲ. ಹಳೆಯದು ಒಂದು ದಿನವೂ ನಿರಾಸೆ ಮಾಡಿಲ್ಲ. ನಮ್ಮ ನಡುವಿನ ಎಷ್ಟೋ ಹಿರಿಯರು ಸುಮ್ಮನೆ ಕೂತಿರುವುದು ದಣಿದಲ್ಲ, ಅವರ ಮುಂದೆ ತಿದ್ದುವಂಥದ್ದನ್ನು ಯಾರೂ ತಂದಿಡದೆ.

ಇಷ್ಟು ದೊಡ್ಡ ಮಾತು ಆಡಿದೆನಲ್ಲ, ಒಳಗಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಮಾವನ ಪಾಡು ನೋಡಲಾರದೆ ಅಳಿಯ ದಸರೆಗೆ ಹೊಸ ಯಂತ್ರವನ್ನೇ ತರುವುದಾಗಿ ಫೋನ್ ಮಾಡಿದ್ದ. ಅಮ್ಮಾರೂ ನಾನೂ ಕೂತು ಲೆಕ್ಕ ಹಾಕಿದೆವು. ಹಳೆಯದಾದರೆ ದಿನಕ್ಕೆ ಅರ್ಧ ಗಂಟೆ ಸದ್ದು, ಉಳಿದ ಹೊತ್ತೆಲ್ಲ ರಿಪೇರಿ. ಹೊಸದು ಬಂದರೆ ದಿನವಿಡೀ ಸದ್ದು. ಅಳಿಯನಿಗೆ ನಾನೇ ಫೋನ್ ಮಾಡಿ, "ಬ್ಯಾಡಪ್ಪಾ, ನಿಮ್ಮ ಮಾವಗ ಹಳೇದ್ರ ಮ್ಯಾಗೇ ಪ್ರೀತಿ" ಎಂದೆ.