ಕೂಸು ದಪ್ಪ ಐತಂತೆ

ಬಸುರಿಯ ಹೊಟ್ಟೆಯನ್ನು ಕಣ್ಣಲ್ಲೇ ತೂಗಿ, ಒಳಗಿನ ಕೂಸು ಬೇಕಾದ್ದಕ್ಕಿಂತ ದಪ್ಪ ಎಂದು ತೀರ್ಪು ಕೊಟ್ಟು, ಹೆರಿಗೆಯಾಗುವವರೆಗೆ ತಾನೂ ನಿದ್ದೆಗೆಟ್ಟು ಮನೆಮಂದಿಯ ನಿದ್ದೆಯನ್ನೂ ಕೆಡಿಸುವ ಹೆಂಗಸಿಗೆ ಹೊಸದುರ್ಗ ತಾಲ್ಲೂಕಿನ ಮತ್ತೋಡು ಸೀಮೆಯಲ್ಲಿ ಪ್ರತ್ಯೇಕ ಹೆಸರಿಲ್ಲ. ಮನೆಗೊಬ್ಬಳು ಇರುವುದರಿಂದ ಹೆಸರಿಡುವ ಅಗತ್ಯ ಬಿದ್ದಿರಲಾರದು. ಸಾಮಾನ್ಯವಾಗಿ ಅವಳು ಬಸುರಿಯ ತಾಯಿ. ತಾಯಿ ಇಲ್ಲದ ಕಡೆ ಚಿಕ್ಕವ್ವ, ಇಬ್ಬರೂ ಇಲ್ಲದಿದ್ದರೆ ಎದುರುಮನೆಯಾಕೆ ಕರೆಯದೆಯೇ ಬಂದು ಈ ಹೊಣೆ ಹೊರುತ್ತಾಳೆ. ವಯಸ್ಸು ಐವತ್ತರ ಆಚೀಚೆ. ಮೂರೋ ನಾಲ್ಕೋ ಹೆತ್ತ ಅನುಭವ ಇರುತ್ತದೆ; ಆ ಅನುಭವದ ಮುಂದೆ ಯಾವ ಡಾಕ್ಟರ ಓದೂ ಅವಳಿಗೆ ನಿನ್ನೆಯದು.

ಈ ಕಳವಳ ಹುಟ್ಟಿನಿಂದ ಬಂದದ್ದಲ್ಲ, ಬಸುರಿ ಮಗಳು ಏಳನೇ ತಿಂಗಳಿಗೆ ಕಾಲಿಟ್ಟ ಮೇಲೆ ಅಂಟಿಕೊಳ್ಳುವಂಥದು. ಅಲ್ಲಿಯವರೆಗೆ ಅವಳು ಎದುರುಪಕ್ಷದ ನಾಯಕಿ. ಮೂರನೇ ತಿಂಗಳಲ್ಲಿ ಮಗಳ ಗಂಡನ ಮನೆಗೆ ಹೋದವಳು ಚೀಲದಲ್ಲಿ ಹೊಸದುರ್ಗದ ಕೊಬ್ಬರಿ, ಹುರಿದ ಶೇಂಗಾ, ಬೆಲ್ಲ, ಒಂದು ಗಿಂಡಿ ತುಪ್ಪ ಹೊತ್ತಿರುತ್ತಾಳೆ. ವಾಂತಿಯಿಂದ ಬಸವಳಿದ ಮಗಳ ಮುಂದೆ ತಟ್ಟೆ ಇಟ್ಟು, "ಎರಡು ಜೀವ ಕಣವ್ವ, ಇಬ್ಬರ ಪಾಲು ಉಣ್ಣಬೇಕು" ಎಂದು ಗದರುತ್ತಾಳೆ. ಐದರಲ್ಲಿ ಹೋಳಿಗೆ, ಆರರಲ್ಲಿ ಕರಿಗಡುಬು. ಚೊಚ್ಚಲು ಹೆರಿಗೆ ತವರಿನದೆಂಬುದು ರೂಢಿ; ಮಡಿಲು ತುಂಬಿಸಿಕೊಂಡ ಮಗಳು ಬಸ್ಸಿನಿಂದ ಇಳಿಯುವ ದಿನ ಬರುತ್ತದೆ. ಅವಳು ಮೆಟ್ಟಿಲ ಕಂಬಿ ಹಿಡಿದು ಅಡ್ಡಡ್ಡಲಾಗಿ ಇಳಿಯುವುದನ್ನು ತಾಯಿ ಮಗ್ಗುಲಿನಿಂದ ನೋಡುತ್ತಾಳೆ. ಆ ಒಂದು ಗಳಿಗೆಯಲ್ಲಿ ಆರು ತಿಂಗಳ ಧೋರಣೆ ಮಗುಚಿ ಬೀಳುತ್ತದೆ. "ಅಯ್ಯೋ ಶಿವನೇ, ಕೂಸು ದಪ್ಪ ಐತೆ."

ತೀರ್ಪಿಗೆ ಆಧಾರಗಳು ಹಲವು. ಹೊಟ್ಟೆ ಮುಂದಕ್ಕೆ ಚಾಚಿದ್ದರೆ ಕೂಸು ದಪ್ಪ. ಅಗಲಕ್ಕೆ ಹರಡಿದ್ದರೆ ಕೂಸು ದಪ್ಪ, ಮೇಲಾಗಿ ಅಡ್ಡ ಮಲಗಿದೆ. ಇಳಿದಿದ್ದರೆ ಭಾರಕ್ಕೆ ಇಳಿದಿದೆ, ಇಳಿಯದಿದ್ದರೆ ಇಳಿಯಲಾರದಷ್ಟು ದಪ್ಪಗಿದೆ. ಸಣ್ಣ ಕೂಸನ್ನು ಸೂಚಿಸುವ ಲಕ್ಷಣ ಈ ಶಾಸ್ತ್ರದಲ್ಲಿ ಒಂದೂ ಇಲ್ಲ.

ಇವೆಲ್ಲಕ್ಕಿಂತ ಗಟ್ಟಿ ಸಾಕ್ಷಿ ಬಳೆಯದು. ಬಳೆಯ ವಿಷಯದಲ್ಲಿ ಮತ್ತೋಡಿನವರ ಮಾತಿಗೆ ಒಂದು ತೂಕ ಉಂಟು. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕನನ್ ಇಲ್ಲಿ ಗಾಜು ಕಾಯಿಸಿ ಬಳೆ ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಮೈಸೂರು ಗ್ಯಾಸೆಟಿಯರು ಬರೆದ ಲೂಯಿಸ್ ರೈಸ್ ಕೂಡ ಗಾಜಿನ ಕೆಲಸಕ್ಕೆ ಮತ್ತೋಡಿನ ಹೆಸರನ್ನೇ ಹೇಳಿದ. ಇಂದು ಹಸಿರು ಬಳೆ ಬೇರೆ ಊರಿಂದ ಡಜನ್ನಿನ ಲೆಕ್ಕದಲ್ಲಿ ಬರುತ್ತದೆ, ಕೈ ನೋಡಿ ಅಳತೆ ಹೇಳುವ ವಿದ್ಯೆ ಮಾತ್ರ ಊರಲ್ಲೇ ಉಳಿದಿದೆ. ಬಳೆಯ ಅಳತೆ ಅಂಗುಲ ಮತ್ತು ಅದರ ಹದಿನಾರನೆಯ ಪಾಲುಗಳಲ್ಲಿ ನಡೆಯುತ್ತದೆ: ಎರಡು-ನಾಲ್ಕು ಎಂದರೆ ಎರಡೂಕಾಲು ಅಂಗುಲ, ಎರಡು-ಎಂಟು ಎಂದರೆ ಎರಡೂವರೆ. ಮದುವೆಯಲ್ಲಿ ಎರಡು-ನಾಲ್ಕು ತೊಟ್ಟ ಕೈಗೆ ಹೂ ಮುಡಿಸುವ ದಿನ ಎರಡು-ಆರೂ ಏರಲಿಲ್ಲವೆಂದರೆ ತಾಯಿಗೆ ಬೇರೆ ಪುರಾವೆ ಬೇಡ. ಕೈಯೇ ಹೀಗಾಗಿದ್ದರೆ ಕೂಸು ಹೇಗಾಗಿರಬೇಡ! ದಿನ ತುಂಬಿದ ಬಸುರಿಯ ಮೈಯಲ್ಲಿ ನೀರು ನಿಂತು ಬೆರಳು, ಪಾದ ಊದುವುದುಂಟು. ಕೂಸಿನ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಕೈ ಮುಖ ಒಮ್ಮೆಲೇ ಊದಿಕೊಂಡು ತಲೆ ಸಿಡಿದರೆ ನೋಡಬೇಕಾದ್ದು ರಕ್ತದೊತ್ತಡವನ್ನು. ಆದರೆ ರಕ್ತದೊತ್ತಡ ಕಣ್ಣಿಗೆ ಕಾಣುವುದಿಲ್ಲ, ಬಳೆ ಕಾಣುತ್ತದೆ.

ತೀರ್ಪಿನ ಬೆನ್ನಿಗೇ ಶಿಕ್ಷೆ, ಅಂದರೆ ಪಥ್ಯ. ಎರಡು ಮುದ್ದೆ ಒಂದಾಗುತ್ತದೆ, ಒಂದು ಮುದ್ದೆ ಕ್ರಮೇಣ ನಿಂಬೆಹಣ್ಣಿನ ಹಾದಿ ಹಿಡಿಯುತ್ತದೆ. ಇದರ ಹಿಂದೆ ಒಂದು ಸಿದ್ಧಾಂತವೇ ಇದೆ: ಹೊಟ್ಟೆ ಒಂದೇ ಚೀಲ, ಅನ್ನವೂ ಕೂಸೂ ಅದರಲ್ಲೇ ಇರಬೇಕು, ಅನ್ನ ತುಂಬಿದರೆ ಕೂಸಿಗೆ ಜಾಗವಿಲ್ಲ, ಕಡಿಮೆ ಉಂಡರೆ ಕೂಸು ಆಡಿಕೊಂಡಿದ್ದು ಸಲೀಸಾಗಿ ಹೊರಬರುತ್ತದೆ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಇಂಥದೇ ಮಾತುಗಳನ್ನು ಕೇಳಿ ಬರೆದುಕೊಂಡ ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ದಂಪತಿ 1983ರಲ್ಲಿ ಅವನ್ನು ಪ್ರಕಟಿಸಿದರು. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಕೂಸು ಬಲಿತು ಹೆರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆಯೂ ಅವರ ಬರಹದಲ್ಲಿದೆ. ಬಯಲುಸೀಮೆಯ ತಾಯಿ ಆ ಪ್ರಬಂಧ ಓದಿಲ್ಲ, ಓದುವ ಅಗತ್ಯವೂ ಇಲ್ಲ. ಬಸುರಿಗೆಂದು ಸರ್ಕಾರ ಕೊಡುವ 180 ಮಾತ್ರೆಗಳಲ್ಲಿ ಒಂದು ಪಾಲು ಅವಳ ಸಾಸಿವೆ ಡಬ್ಬಿಯ ತಳದಲ್ಲಿರುತ್ತದೆ. ಆಶಾ ಕಾರ್ಯಕರ್ತೆ ಬಂದು ಕೇಳಿದಾಗ, "ದಿನಾ ನುಂಗ್ತಾಳೆ ಕಣಮ್ಮ" ಎಂಬ ಉತ್ತರ ಮಗಳಿಗಿಂತ ಮೊದಲು ತಾಯಿಯಿಂದಲೇ ಬರುತ್ತದೆ.

2017ರ ಅಕ್ಟೋಬರ್ 2ರಂದು ರಾಜ್ಯದಲ್ಲೆಲ್ಲ ಜಾರಿಯಾದ ಮಾತೃಪೂರ್ಣ ಯೋಜನೆ ಈ ವ್ಯವಸ್ಥೆಗೆ ದೊಡ್ಡ ಪೆಟ್ಟು ಕೊಟ್ಟಿತು. ಬಸುರಿ ಅಂಗನವಾಡಿಗೇ ಹೋಗಿ ಬಿಸಿಯೂಟ ಉಣ್ಣಬೇಕು, ಹಾಲು ಕುಡಿಯಬೇಕು, ಶೇಂಗಾ ಚಿಕ್ಕಿ ತಿನ್ನಬೇಕು, ಮಾತ್ರೆಯನ್ನು ಅಲ್ಲೇ ನುಂಗಬೇಕು. ಸರ್ಕಾರವೇ ಮಗಳ ಪಕ್ಷ ಸೇರಿದಾಗ ತಾಯಿ ಎದುರಾಡುವುದಿಲ್ಲ. ಅಂಗನವಾಡಿಯಲ್ಲಿ ಉಂಡದ್ದನ್ನು ಲೆಕ್ಕ ಹಿಡಿದು ರಾತ್ರಿಯ ಊಟದಲ್ಲಿ ಮುರಿದುಕೊಳ್ಳುತ್ತಾಳೆ.

ತುಪ್ಪದ ಸ್ಥಾನಮಾನ ಸ್ವಲ್ಪ ತೊಡಕಿನದು. ಆರನೇ ತಿಂಗಳವರೆಗೆ ಅದು ಶಕ್ತಿ, ಎಂಟರಲ್ಲಿ ಕೊಬ್ಬು, ಒಂಬತ್ತು ತುಂಬಿದ ಮೇಲೆ ಕೀಲೆಣ್ಣೆ: ಕೂಸು ಜಾರಲಿ ಎಂದು ಬೆಳಗ್ಗೆ ಒಂದು ಚಮಚ ಕುಡಿಸಲಾಗುತ್ತದೆ. ಮೂರು ಮತಗಳನ್ನೂ ಒಬ್ಬಳೇ ಹೆಂಗಸು ಅದೇ ಗಿಂಡಿಯನ್ನು ಕೈಯಲ್ಲಿ ಹಿಡಿದುಕೊಂಡು ಪ್ರತಿಪಾದಿಸುತ್ತಾಳೆ.

ಇಷ್ಟಾದರೂ ಈ ಹೆದರಿಕೆ ಬುಡವಿಲ್ಲದ್ದಲ್ಲ. ಅವಳ ತಾಯಿಯ ಕಾಲದಲ್ಲಿ ಹೆರಿಗೆ ಒಳಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನಂಥವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು; ಎಲ್ಲ ಊರಿಗೂ ಒಬ್ಬ ನರಸಮ್ಮ ಸಿಗಲಿಲ್ಲ. ಬಾಲ್ಯದಲ್ಲಿ ಅರೆಹೊಟ್ಟೆ ಉಂಡು ಬೆಳೆದ ಕುಳ್ಳನೆಯ ಹುಡುಗಿ, ಹದಿನಾರಕ್ಕೇ ಬಸುರಿ. ಕೂಸಿನ ತಲೆ ಸಿಕ್ಕಿಕೊಂಡರೆ ಆಸ್ಪತ್ರೆಗೆ ಎತ್ತಿನಗಾಡಿಯೇ ಗತಿ. ಸಣ್ಣ ಕೂಸು ಆಗ ದೈವ ತೋರಿದ ದಯೆ. ಹೆರಿಗೆ ಆಸ್ಪತ್ರೆಗೆ ಹೋಯಿತು, 108ರ ಆಂಬುಲೆನ್ಸೂ ಬಂತು; ಭಯ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು.

ಹಳೆಯ ಭಯಕ್ಕೆ ಹೊಸ ಸುದ್ದಿಗಳೂ ಮೇವು ಹಾಕುತ್ತವೆ. 2016ರ ಮೇ ತಿಂಗಳಲ್ಲಿ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ 6.8 ಕಿಲೋ ತೂಕದ ಹೆಣ್ಣುಮಗು ಸಿಸೇರಿಯನ್ ಮೂಲಕ ಹುಟ್ಟಿ ಲೋಕದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಇಂಥ ಸುದ್ದಿ ಹಾಸನದಿಂದ ಅರಸೀಕೆರೆ ದಾಟಿ ಹೊಸದುರ್ಗಕ್ಕೆ ಬರುವಷ್ಟರಲ್ಲಿ ಕೂಸು ಎಂಟು ಕಿಲೋ ಆಗಿ, ಹಲ್ಲು ಮೂಡಿಸಿಕೊಂಡಿರುತ್ತದೆ. ಅಂಥ ಮಗು ಅಪರೂಪ ಎಂಬ ಕಾರಣಕ್ಕೇ ಅದು ಸುದ್ದಿ ಎಂಬುದು ಕಟ್ಟೆಯ ಮೇಲಿನ ಚರ್ಚೆಯಲ್ಲಿ ಏಳುವುದಿಲ್ಲ. ವೈದ್ಯರು ಸಾಮಾನ್ಯವಾಗಿ ದೊಡ್ಡದೆನ್ನುವುದು ನಾಲ್ಕು ಕಿಲೋ ದಾಟಿದ ಕೂಸನ್ನು. ಎರಡೂವರೆಗಿಂತ ಕಡಿಮೆಯಾದರೆ ತೂಕ ಸಾಲದು ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತೂಕ ದಾಖಲಾದ ನೂರು ಕೂಸುಗಳಲ್ಲಿ ಸುಮಾರು ಹದಿನೆಂಟು ಆ ಎರಡೂವರೆಯನ್ನೂ ಮುಟ್ಟಿರಲಿಲ್ಲ. ತಾಯವ್ವ ಕಾವಲು ನಿಂತದ್ದು ಮುಂಬಾಗಿಲಲ್ಲಿ, ಕಳ್ಳ ನುಗ್ಗುವುದು ಹಿತ್ತಿಲಿನಿಂದ.

ಸ್ಕ್ಯಾನಿಂಗ್ ಬಂದ ಮೇಲೆ ಅವಳ ಕಣ್ಣಳತೆಗೆ ಯಂತ್ರದ ಬೆಂಬಲವೂ ಸಿಕ್ಕಿತು. ಚೀಟಿಯಲ್ಲಿ 3 ಕಿಲೋ ಎಂದು ಅಚ್ಚಾಗಿದ್ದರೆ ಅದನ್ನು ನ್ಯಾಯಬೆಲೆ ಅಂಗಡಿಯ ತಕ್ಕಡಿಯ ಮಾತೆಂದೇ ಅವಳು ನಂಬುತ್ತಾಳೆ. ಯಂತ್ರ ಕೂಸನ್ನು ತೂಗುವುದಿಲ್ಲ. ತಲೆ, ಹೊಟ್ಟೆ, ತೊಡೆಮೂಳೆಗಳ ಅಳತೆ ಹಿಡಿದು ಅಂದಾಜು ಕಟ್ಟುತ್ತದೆ. ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚುಕಡಿಮೆ ಸಾಮಾನ್ಯ. ಮೂರು ಕಿಲೋ ಎಂದ ಕೂಸು 2.6 ಆಗಿರಬಹುದು, 3.4 ಕೂಡ. ತಾಯವ್ವ ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂದು ಹೇಳಬೇಕಾಗಿಲ್ಲ. ಇದರಲ್ಲಿ ಮತ್ತೋಡು ಒಂಟಿಯಲ್ಲ. ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ಕೂಸು ದೊಡ್ಡದಿರಬಹುದು ಎಂದು ಹೇಳಿಸಿಕೊಂಡ ತಾಯಂದಿರಲ್ಲಿ ನಾಲ್ಕು ಕಿಲೋ ಮುಟ್ಟಿದ ಕೂಸನ್ನು ಹೆತ್ತವರು ಐವರಿಗೊಬ್ಬರು ಮಾತ್ರ. ಅಲ್ಲಿ ಹೇಳಿದವರು ಡಾಕ್ಟರು ಅನ್ನುವುದಷ್ಟೇ ವ್ಯತ್ಯಾಸ.

ಕೂಸು ನಿಜವಾಗಿಯೂ ಅತಿಯಾಗಿ ಬೆಳೆಯಲು ಇರುವ ಮುಖ್ಯ ಕಾರಣಗಳಲ್ಲಿ ಒಂದು ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ. ತಾಯಿಯ ರಕ್ತದ ಹೆಚ್ಚುವರಿ ಸಕ್ಕರೆ ಕೂಸಿಗೆ ಹರಿದು ಅಲ್ಲಿ ಕೊಬ್ಬಾಗಿ ನಿಲ್ಲುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಪರೀಕ್ಷೆಗೆ ಒಳಗಾದ ಬಸುರಿಯರಲ್ಲಿ ನೂರಕ್ಕೆ ಆರು ಮಂದಿಗೆ ಅದು ಕಂಡಿತ್ತು. ಪತ್ತೆಯ ವಿಧಾನ ಸುಲಭ: 75 ಗ್ರಾಂ ಗ್ಲೂಕೋಸನ್ನು ನೀರಲ್ಲಿ ಕದಡಿ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ನೋಡುವುದು, 140 ಮುಟ್ಟಿದರೆ ಎಚ್ಚರ. ದಪ್ಪ ಕೂಸಿಗೆ ಹೆದರುವವಳು ಓಡಿಹೋಗಿ ಮಾಡಿಸಬೇಕಾದ ಪರೀಕ್ಷೆ ಇದೊಂದು. ಅವಳು ತಡೆಯುವುದೂ ಇದೊಂದನ್ನೇ. "ಲೋಟದ ತುಂಬ ಸಕ್ಕರೆ ನೀರು ಕುಡಿಸಿದ್ರೆ ಕೂಸು ಇನ್ನೂ ದಪ್ಪಗಾಗಲ್ವೇನಮ್ಮ?" ಎಂಬ ಪ್ರಶ್ನೆಗೆ ನರ್ಸಮ್ಮ ಕೊಡುವ ಉತ್ತರ ಅವಳ ಕಿವಿಯಲ್ಲಿ ನಿಲ್ಲುವುದಿಲ್ಲ.

ಹೊಟ್ಟೆಯ ಮಾತು ಹೀಗಾದರೆ, ಭಯದ ಇನ್ನೊಂದು ಬೇರು ಬೀಗರ ಮನೆಯಲ್ಲಿದೆ. ಬಹುಶಃ ತಾಯಿಬೇರು ಅದೇ. ಕೂಸು ದಪ್ಪಗಿದ್ದು ಆಪರೇಷನ್ ಆದರೆ, "ತವರಲ್ಲಿ ಕೂರಿಸಿ ತಿನ್ನಿಸಿದ್ರು, ಒಂದು ಕಸ ಗುಡಿಸಲಿಲ್ಲ" ಎನ್ನುತ್ತಾರೆ. ಸಣ್ಣಗಿದ್ದರೆ, "ಮೂರು ತಿಂಗಳು ಏನು ಹಾಕಿದ್ರೋ" ಎನ್ನುತ್ತಾರೆ. ಎರಡೂ ಮಾತಿಗೆ ಸಿಕ್ಕದ ತೂಕ ಒಂದೇ ಒಂದಿರಬೇಕು, ಅದು ಎಷ್ಟೆಂದು ಯಾರೂ ಹೇಳಿಲ್ಲ. ಅಳಿಯ ರಾತ್ರಿ ಫೋನಿನಲ್ಲಿ, "ಡಾಕ್ಟ್ರು ಏನಂದ್ರು?" ಎಂದು ಕೇಳಿದರೆ ಅವಳಿಗೆ ಅದು ಹಿಂದೆ ನಿಂತ ಬೀಗಿತ್ತಿಯ ದನಿಯಾಗಿಯೇ ಕೇಳುತ್ತದೆ. ಮರುದಿನದಿಂದ ಮಗಳು ಅಂಗಳ ಗುಡಿಸುತ್ತಾಳೆ, ಕುಕ್ಕರಗಾಲಲ್ಲಿ ಕೂತು ಅಕ್ಕಿ ಆರಿಸುತ್ತಾಳೆ, ಸಂಜೆ ಕೆರೆ ಏರಿಯವರೆಗೆ ನಡೆಯುತ್ತಾಳೆ. ನಡಿಗೆ ಒಳ್ಳೆಯದೇ. ತಾಯಿ ಹಿಂದೆ ಹಿಂದೆ ಬರುತ್ತ ದಾರಿಯಲ್ಲಿ ಸಿಕ್ಕವರಿಗೆಲ್ಲ, "ನೋಡ್ರಿ, ನಾವೇನು ಕೂರಿಸಿಲ್ಲ" ಎಂದು ಸಾಕ್ಷಿ ಮಾಡಿಕೊಳ್ಳುತ್ತಾಳೆ.

ಹೆರಿಗೆಯ ದಿನ ಅವಳು ಹೊಸದುರ್ಗದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಂಡ ದೇವರಿಗೆಲ್ಲ ಕಾಯಿಯ ಹರಕೆ ಹೊರುತ್ತಾಳೆ. ನರ್ಸಮ್ಮ ಬಾಗಿಲು ತೆರೆದು ತೂಕ ಹೇಳುತ್ತಾಳೆ: ಎರಡು ಕಿಲೋ ಏಳುನೂರು, ತಾಯಿ ಮಗು ಸುಖ. ತಾಯವ್ವ ಬಟ್ಟೆ ಸರಿಸಿ ನೋಡುತ್ತಾಳೆ. "ಇಷ್ಟೇನಾ? ಇಲಿಮರಿ ಇದ್ದಂಗೈತಲ್ಲ." ಮೂರು ತಿಂಗಳು ಮುದ್ದೆ ಮುರಿದವಳ ದನಿಯಲ್ಲಿ ಯಾರೋ ಮೋಸ ಮಾಡಿದರೆಂಬ ನೋವಿರುತ್ತದೆ.

ಅಲ್ಲಿಂದಾಚೆಗೆ ಎಲ್ಲವೂ ತಿರುವುಮುರುವು. ಬಾಣಂತಿಗೆ ತುಪ್ಪ ಮತ್ತೆ ಶಕ್ತಿಯಾಗುತ್ತದೆ. ಅಂಗನವಾಡಿಯ ತಕ್ಕಡಿಗೆ ಕೂಸನ್ನು ಹಾಕುವಾಗ ಕುಲಾವಿ, ಸ್ವೆಟರು, ಬೆಳ್ಳಿ ಉಡಿದಾರ, ಕಾಲ್ಗಡಗ ಒಂದನ್ನೂ ತೆಗೆಯಲು ಅವಳು ಬಿಡುವುದಿಲ್ಲ, "ಥಂಡಿ ಆಗುತ್ತೆ" ಎನ್ನುತ್ತಾಳೆ. ಕಾರ್ಡಿನಲ್ಲಿ ಗೆರೆ ಮೇಲೇರಿದರೆ ಆ ಕಾರ್ಡನ್ನು ಕೇರಿಗೆಲ್ಲ ತೋರಿಸುತ್ತಾಳೆ. ಮೂರು ತಿಂಗಳು ತುಂಬುವಷ್ಟರಲ್ಲಿ ಕೆನ್ನೆ ತುಂಬಿ, ತೊಡೆಯಲ್ಲಿ ಮಡಿಕೆ ಬೀಳುತ್ತದೆ. ಆಗ ಎದುರುಮನೆಯಾಕೆ ಬಂದು ಕೂಸನ್ನು ಎತ್ತಿಕೊಂಡು, ಪ್ರೀತಿಯಿಂದಲೇ, "ಎಷ್ಟು ದಪ್ಪ ಆಗೈತಲ್ಲೇ!" ಎನ್ನುತ್ತಾಳೆ. ತಾಯವ್ವ ಕೂಸನ್ನು ಕಿತ್ತುಕೊಂಡು ಒಳಗೆ ಹೋಗುತ್ತಾಳೆ. ಸ್ವಲ್ಪ ಹೊತ್ತಿಗೆ ಒಲೆಯಲ್ಲಿ ಉಪ್ಪು, ಒಣಮೆಣಸಿನಕಾಯಿ ಚಟಪಟ ಸಿಡಿದು ಬೀದಿಯವರೆಲ್ಲ ಕೆಮ್ಮತೊಡಗುತ್ತಾರೆ.